ಹಿತ್ತಲ ಬಾಗಿಲು: ಗೊಬ್ಬರ ಬೇಕು, ಹೆಗ್ಗಣ ಬೇಡ



ಮಾಘ ಮುಗಿಯುತ್ತ ಬಂತೆಂದರೆ ಹಿತ್ತಲಿರುವ ಮನೆಯ ಗೃಹಿಣಿಗೆ ಒಂದು ಕೆಲಸ ಹೆಚ್ಚಾಯಿತೆಂದೇ ಅರ್ಥ. ಬೆಳಿಗ್ಗೆ ಗುಡಿಸಿ ಕೈತೊಳೆದು ಒಳಗೆ ಬಂದರೆ ಮಧ್ಯಾಹ್ನಕ್ಕೆ ಮತ್ತೆ ಅಂಗಳದ ತುಂಬ ಎಲೆ. ಹಲಸಿನದು, ಬಾದಾಮಿಯದು, ಪಕ್ಕದ ಮನೆಯ ಹೊಂಗೆಯದು. ಗಾಳಿಗೆ ನಮ್ಮದು ನಿಮ್ಮದು ಅನ್ನೋ ಭೇದ ಉಂಟೇ? ಇದರ ಜೊತೆಗೆ ಸವರಿದ ದಾಸವಾಳದ ಕಡ್ಡಿ, ಗೊನೆ ಕಡಿದ ಬಾಳೆದಿಂಡು, ದಡಕ್ಕನೆ ಬಿದ್ದ ತೆಂಗಿನ ಗರಿ. ಇಷ್ಟನ್ನೂ ಏನು ಮಾಡೋದು?

ಈ ಸಲ ಬಂದ ಕಾಗದಗಳಲ್ಲಿ ಒಂದು ಇದೇ ವಿಷಯದ್ದು. ಬರೆದವರ ಹೆಸರು, ಊರು ಬೇಡ. ಅವರು ಎಲೆಗೊಬ್ಬರ ಮಾಡೋಣವೆಂದು ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿಸಿದರಂತೆ. ಎರಡು ತಿಂಗಳೊಳಗೆ ಹೆಗ್ಗಣ ಸೇರಿಕೊಂಡು, ಪಕ್ಕದ ಮನೆಯವರ ಕಾಂಪೌಂಡಿನ ಬುಡವನ್ನೇ ಕೊರೆದು ಹಾಕಿದೆ. ಹತ್ತು ವರ್ಷ ಸಾರು ಪಲ್ಯ ಕೊಟ್ಟು ತಂದು ಮಾಡಿದ ಸ್ನೇಹ, ಈಗ ಮಾತಿಲ್ಲ ಕತೆಯಿಲ್ಲ. ಯಜಮಾನರೋ, ಗುಂಡಿ ಮುಚ್ಚಿಸಿ ಎಲೆಗೆ ಬೆಂಕಿ ಹಾಕು ಅಂತಾರೆ. ಬೆಂಕಿ ಹಾಕಿದರೆ ಮನೆಯಲ್ಲಿರುವ ಅತ್ತೆಗೆ ಉಬ್ಬಸ. ನಾನು ಏನು ಮಾಡಲಿ ಎಂದು ಕೇಳಿದ್ದಾರೆ.

ಮೊದಲ ಮಾತು: ಬೆಂಕಿ ಖಂಡಿತ ಬೇಡ. ಇಲಿ ಮೇಲಿನ ಸಿಟ್ಟಿಗೆ ಮನೆ ಸುಟ್ಟ ಹಾಗಾಗುತ್ತದೆ. ಅರೆಹಸಿ ಎಲೆಯ ಹೊಗೆಯಲ್ಲಿರುವ ಸಣ್ಣ ಕಣ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಬ್ಬಸದವರಿಗೆ, ಎಳೆಮಕ್ಕಳಿಗೆ ಅದು ವಿಷವೇ ಸರಿ. 2016ರಲ್ಲಿ ಬಂದ ಘನತ್ಯಾಜ್ಯ ನಿಯಮಗಳೂ ಮನೆಯ ಕಸವನ್ನು ಬಯಲಲ್ಲಿ ಸುಡಬಾರದು ಎಂದೇ ಹೇಳಿದವು. ಅದೂ ಅಲ್ಲದೆ, ಗಿಡ ವರ್ಷವಿಡೀ ಮಣ್ಣಿನಿಂದ ಎತ್ತಿಕೊಂಡದ್ದನ್ನು ಎಲೆಯಾಗಿ ವಾಪಸು ಕೊಡುವಾಗ, ಅದನ್ನು ಹೊಗೆ ಮಾಡಿ ಆಕಾಶಕ್ಕೆ ಬಿಟ್ಟು ಆಮೇಲೆ ಅಂಗಡಿಯಿಂದ ಗೊಬ್ಬರದ ಚೀಲ ತರುವುದು ಯಾವ ಲೆಕ್ಕದ ಸಂಸಾರ, ನೀವೇ ಹೇಳಿ.

ಎರಡನೆಯ ಮಾತು: ತಪ್ಪು ಎಲೆಯದಲ್ಲ. ಆ ಕಾಗದದ ಕೊನೆಯಲ್ಲಿ ಒಂದು ಸಾಲಿದೆ. ರಾತ್ರಿ ಮಿಕ್ಕದ್ದನ್ನೆಲ್ಲ ಅದೇ ಗುಂಡಿಗೆ ಸುರಿಯುತ್ತೇನೆ ಅಂತ. ಅಲ್ಲಿದೆ ನೋಡಿ ಗುಟ್ಟು!

ಹೆಗ್ಗಣ ಯಾಕೆ ಬರುತ್ತದೆ?

ಇಲಿಯಾಗಲಿ ಹೆಗ್ಗಣವಾಗಲಿ ಒಣಗಿದ ಹಲಸಿನ ಎಲೆ ತಿನ್ನುವುದಕ್ಕೆ ಬರುವುದಿಲ್ಲ. ಅವಕ್ಕೆ ಬೇಕಾದದ್ದು ಎರಡೇ: ಊಟ, ಬಿಡಾರ. ಅನ್ನ, ಸಾರಿನ ಚರಟ, ಒಗ್ಗರಣೆಯ ಎಣ್ಣೆ ಹತ್ತಿದ ಪಲ್ಯ, ಮೀನಿನ ಮುಳ್ಳು, ಇವೆಲ್ಲ ಊಟ. ಕೊಚ್ಚದೆ ಎಸೆದ ಕೊಂಬೆ, ಒಂದರ ಮೇಲೊಂದು ಬಿದ್ದ ಗರಿ, ಅಡಿಕೆ ಹಾಳೆ, ಇವುಗಳ ನಡುವಿನ ಒಣ ಪೊಟರೆ ಬಿಡಾರ. ಊಟವೂ ಇದ್ದು ಬಿಡಾರವೂ ಇದ್ದರೆ ಯಾವ ನೆಂಟ ತಾನೇ ಊರಿಗೆ ಹೊರಡುತ್ತಾನೆ? ಹೆಗ್ಗಣ ಬಂದ ಮೇಲೆ ಅದರ ಹಿಂದೆ ಹಾವು ಬರುವುದಕ್ಕೂ ತಡವಿಲ್ಲ.

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಊಟ ಹಾಕಬೇಡಿ, ಬಿಡಾರ ಕೊಡಬೇಡಿ. ಇಷ್ಟೇ ಸೂತ್ರ. ಉಳಿದದ್ದೆಲ್ಲ ಇದರ ವಿವರ.

ಬಿಡಾರ ತಪ್ಪಿಸಲು: ಕೊಚ್ಚಿ ಹಾಕಿ

ಎಲೆ ಕಡ್ಡಿಯನ್ನು ಒಂದೆರಡು ಇಂಚಿನ ಚೂರುಗಳಾಗಿ ಕೊಚ್ಚಿದರೆ ಎರಡು ಲಾಭ. ಒಂದು, ರಾಶಿಯೊಳಗೆ ಪೊಟರೆ ಉಳಿಯುವುದಿಲ್ಲ. ಗೂಡು ಕಟ್ಟಲು ಹೋದರೆ ಕುಸಿಯುತ್ತದೆ. ಎರಡು, ಬೇಗ ಕೊಳೆಯುತ್ತದೆ. ಇಡೀ ಗೆಣಸು ಬೇಯಲು ಎಷ್ಟು ಹೊತ್ತು, ಹೋಳು ಮಾಡಿದರೆ ಎಷ್ಟು ಹೊತ್ತು? ಹಾಗೆಯೇ ಇದೂ. ಕೊಳೆಸುವ ಸೂಕ್ಷ್ಮಜೀವಿಗಳು ಮೇಲ್ಮೈಯಿಂದ ಕೆಲಸ ಶುರುಮಾಡುವುದರಿಂದ, ಚೂರು ಹೆಚ್ಚಾದಷ್ಟೂ ಅವಕ್ಕೆ ಕೂರಲು ಜಾಗ ಹೆಚ್ಚು. ಬೇಗ ಕೊಳೆತರೆ ರಾಶಿ ಬಿಸಿಯೇರುತ್ತದೆ. ಬಿಸಿ ರಾಶಿಯಲ್ಲಿ ಮರಿ ಹಾಕಿಕೊಂಡು ಸುಖವಾಗಿರಲು ಯಾವ ಹೆಗ್ಗಣಕ್ಕೂ ಆಗದು.

ಕೊಚ್ಚುವುದು ಹೇಗೆ ಅಂತೀರಾ? ಒಣ ಎಲೆಗೆ ಕತ್ತಿಯೇ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ಗರಿಗರಿಯಾದಾಗ ಗೋಣಿಚೀಲಕ್ಕೆ ಅರ್ಧದಷ್ಟು ತುಂಬಿ, ಬಾಯಿ ಕಟ್ಟಿ, ಒನಕೆಯಿಂದಲೋ ದೊಣ್ಣೆಯಿಂದಲೋ ನಾಲ್ಕು ಬಾರಿಸಿ. ಪುಡಿಪುಡಿಯಾಗುತ್ತದೆ. ಮಕ್ಕಳಿದ್ದರೆ ಈ ಕೆಲಸಕ್ಕೆ ನಾನು ತಾನು ಅಂತ ಬರುತ್ತವೆ. ದಾಸವಾಳ, ಕರಿಬೇವು, ನಂದಿಬಟ್ಟಲಿನ ಎಳೆಕಡ್ಡಿಯನ್ನು ಸವರಿದ ದಿನವೇ ಮರದ ತುಂಡಿನ ಮೇಲಿಟ್ಟು ಮಚ್ಚಿನಿಂದ ಕೊಚ್ಚಬೇಕು. ಒಣಗಿದ ಮೇಲೆ ಅದು ಕಬ್ಬಿಣ. ತೆಂಗಿನ ಗರಿಯಲ್ಲಿ ಕಡ್ಡಿ ತೆಗೆದು ಪೊರಕೆಗೆ ಇಟ್ಟುಕೊಳ್ಳಿ, ದಪ್ಪ ಮಟ್ಟೆ ಹಂಡೆ ಒಲೆಗೆ ಹೋಗಲಿ, ಉಳಿದ ಎಲೆಭಾಗವನ್ನು ಮಾತ್ರ ಕತ್ತರಿಸಿ ಹಾಕಿ. ಬಾಳೆದಿಂಡನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿದರೆ ಅದರ ನೀರೇ ರಾಶಿಗೆ ತಂಪು.

ಈಗ ಕರೆಂಟಿನಿಂದ ನಡೆಯುವ ಕಸ ಕೊಚ್ಚುವ ಯಂತ್ರಗಳೂ ಬಂದಿವೆ. ದೊಡ್ಡ ಹಿತ್ತಲಿದ್ದು ನಾಲ್ಕೈದು ಮನೆಯವರು ಸೇರಿ ಕೊಂಡರೆ ಅಥವಾ ಬಾಡಿಗೆಗೆ ತಂದರೆ ಒಂದು ದಿನದಲ್ಲಿ ವರ್ಷದ ಕಸ ಮುಗಿಯುತ್ತದೆ. ಆದರೆ ಯಂತ್ರದ ಹತ್ತಿರ ಹೋಗುವ ಮುನ್ನ ಸೆರಗು ಸೊಂಟಕ್ಕೆ ಬಿಗಿಯಿರಲಿ, ಜಡೆ ಮೇಲಕ್ಕೆ ಕಟ್ಟಿರಲಿ, ಬಳೆ ತೆಗೆದಿರಲಿ, ಕಣ್ಣಿಗೆ ಕನ್ನಡಕವಿರಲಿ. ಸಿಕ್ಕಿಕೊಂಡ ಕಡ್ಡಿಯನ್ನು ಎಂದೂ ಕೈಹಾಕಿ ತಳ್ಳಬಾರದು. ಮೊದಲು ಪ್ಲಗ್ ಕೀಳಬೇಕು, ಆಮೇಲೆ ಉಳಿದ ಮಾತು. ಕಣಗಿಲೆಯ ಕಡ್ಡಿ, ಎಕ್ಕದ ಹಾಲು ಮುಟ್ಟುವಾಗ ಕೈಗವಸು ಹಾಕಿ, ಕಣ್ಣು ಉಜ್ಜಬೇಡಿ.

ಒಂದು ಎಚ್ಚರಿಕೆ. ತೀರಾ ಹಿಟ್ಟಿನಂತೆ ನುಣ್ಣಗೆ ಮಾಡಿ ನೀರು ಸುರಿದರೆ ನೆನೆದ ಅವಲಕ್ಕಿಯಂತೆ ಮುದ್ದೆ ಕಟ್ಟಿಕೊಳ್ಳುತ್ತದೆ. ಗಾಳಿಯಾಡದೆ ನಾರುತ್ತದೆ. ನಾತ ಬಂದರೆ ನೊಣ ಬಂತು. ಆದ್ದರಿಂದ ಚೂರುಗಳಲ್ಲಿ ಒಂದಿಷ್ಟು ಒರಟೂ ಇರಬೇಕು.

ಊಟ ತಪ್ಪಿಸಲು: ಏನು ಹಾಕಬೇಕು, ಏನು ಹಾಕಬಾರದು

ಬೇಯಿಸಿದ ಯಾವುದೂ ಬೇಡ. ಅನ್ನ, ಚಪಾತಿ, ಹುಳಿ, ಎಣ್ಣೆ ಪದಾರ್ಥ, ಹಾಲು ಮೊಸರು, ಮೀನು ಮಾಂಸ, ಮೂಳೆ, ನಾಯಿ ಬೆಕ್ಕಿನ ಹೊಲಸು, ಇವಕ್ಕೆ ಎಲೆಗೊಬ್ಬರದ ರಾಶಿಯಲ್ಲಿ ಪ್ರವೇಶವಿಲ್ಲ. ಅನ್ನ ಬಿಸಾಡೋದು ಎಲ್ಲಿಗೆ ಅಂತ ಕೇಳ್ತೀರಿ. ಹಾಲು ಹಾಕುವವರ ಎಮ್ಮೆಗೆ ಕಲಗಚ್ಚಿನ ಬಕೆಟ್ ಇಡುವ ಪದ್ಧತಿ ಎಷ್ಟೋ ಊರಲ್ಲಿ ಇನ್ನೂ ಇದೆ. ಅದಿಲ್ಲದ ಕಡೆ ಪುರಸಭೆಯ ಹಸಿಕಸದ ಗಾಡಿಗೆ ಹೋಗಲಿ. ಎಲ್ಲಕ್ಕಿಂತ ಮೇಲು, ಅಳತೆ ನೋಡಿ ಅಕ್ಕಿ ಇಡುವುದು.

ಹೂ ಬಿಟ್ಟ ಪಾರ್ಥೇನಿಯಂ, ಗರಿಕೆಯ ಬೇರು, ತುಂಗೆಗೆಡ್ಡೆ, ರೋಗ ಬಂದ ಟೊಮೇಟೊ ಗಿಡ ಇವನ್ನೂ ಸೇರಿಸಬೇಡಿ. ಮನೆಯ ಗುಡ್ಡೆಯ ಅಂಚಿನಲ್ಲಿ ಇವು ಸಾಯುವಷ್ಟು ಬಿಸಿ ಆಗದೆ ಉಳಿದು, ಮುಂದಿನ ಮಳೆಗಾಲಕ್ಕೆ ಕುಂಡದಲ್ಲೇ ತಲೆಯೆತ್ತುತ್ತವೆ.

ಹಾಕಬಹುದಾದದ್ದು: ಒಣ ಎಲೆ, ಕೊಚ್ಚಿದ ಕಡ್ಡಿ, ಹುಲ್ಲು, ಬಾಡಿದ ಪೂಜೆಯ ಹೂವು (ದಾರ ತೆಗೆದು), ಹಸಿ ತರಕಾರಿ ಸಿಪ್ಪೆ, ಕಾಫಿ ಚರಟ, ಟೀ ಸೊಪ್ಪು. ತರಕಾರಿ ಸಿಪ್ಪೆಯನ್ನು ಮೇಲೆ ಚೆಲ್ಲಬಾರದು. ಗುಡ್ಡೆಯ ನಡುವೆ ಒಂದು ಗೇಣು ಆಳಕ್ಕೆ ಹೂತು, ಮೇಲೆ ಒಣ ಎಲೆ ಮುಚ್ಚಬೇಕು. ಹಲಸಿನ ತೊಳೆಯ ರಚ್ಚೆ, ಮಾವಿನ ಸಿಪ್ಪೆಗಂತೂ ಈ ನಿಯಮ ತಪ್ಪಿಸಲೇಬಾರದು. ಸಿಹಿ ಇದ್ದಲ್ಲಿ ನೊಣ.

ಇಲ್ಲಿ ಸ್ವಲ್ಪ ಶಾಸ್ತ್ರ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಸೊಪ್ಪಿನಲ್ಲಿ, ಸಗಣಿಯಲ್ಲಿ ಸಾರಜನಕ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಕೊಳೆಯುವ ಕೆಲಸ ಸರಾಗ. ಇದನ್ನು ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಎರಡು ಮೂರು ಬುಟ್ಟಿ ಒಣ ಚೂರಿಗೆ ಒಂದು ಬುಟ್ಟಿ ಹಸಿ, ಈ ಅಂದಾಜು ಸಾಕು. ಒಣದ್ದೇ ಹೆಚ್ಚಾದರೆ ರಾಶಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಹಸಿಯೇ ಹೆಚ್ಚಾದರೆ ನಾತ. ಹಸಿ ಸಾಲದಿದ್ದರೆ ಬೇಲಿಯ ಗ್ಲಿರಿಸಿಡಿಯಾ ಸೊಪ್ಪು ಎಲ್ಲಕ್ಕಿಂತ ಒಳ್ಳೆಯದು.

ಗುಡ್ಡೆ ಕಟ್ಟುವ ಕ್ರಮ

ಜಾಗ: ಮರದ ನೆರಳು, ನೀರು ನಿಲ್ಲದ ನೆಲ. ಮನೆಗೋಡೆಯಿಂದ, ಕಾಂಪೌಂಡಿನಿಂದ 3 ಅಡಿಯಾದರೂ ದೂರ. ಗೋಡೆಗೆ ಆನಿಸಿ ರಾಶಿ ಹಾಕಿದರೆ ಹೆಗ್ಗಣಕ್ಕೆ ನಾವೇ ಮರೆ ಕಟ್ಟಿಕೊಟ್ಟ ಹಾಗೆ. ಬಾವಿಯಿಂದ ಸಾಕಷ್ಟು ದೂರವಿರಬೇಕು. ಸುತ್ತ ಒಂದು ಮಾರು ಜಾಗ ಗುಡಿಸಿ ಬೋಳಾಗಿ ಇಡಿ. ಬಯಲು ದಾಟಿ ಬರಲು ಇಲಿಗೆ ಧೈರ್ಯ ಸಾಲದು.

ತಳ: ಹೆಗ್ಗಣ ಬರುವುದು ಮೇಲಿನಿಂದಲ್ಲ, ನೆಲದಡಿಯಿಂದ ಕೊರೆದು. ಆದ್ದರಿಂದ ತಳಕ್ಕೆ ಅರ್ಧ ಇಂಚು ಕಣ್ಣಿನ ಗಟ್ಟಿ ಕಬ್ಬಿಣದ ಜಾಲರಿ ಹಾಸಿ, ಸುತ್ತ ಒಂದು ಅಡಿ ಮೇಲಕ್ಕೆ ಮಡಿಸಿ. ಚಿಟ್ಟಿಲಿಯ ಕಾಟ ಇದ್ದರೆ ಕಾಲು ಇಂಚು ಕಣ್ಣಿನದು ಬೇಕು. ಕೋಳಿಗೂಡಿಗೆ ಹಾಕುವ ತೆಳು ತಂತಿ ಹೆಗ್ಗಣದ ಹಲ್ಲಿಗೆ ಲೆಕ್ಕವಲ್ಲ. ಜಾಲರಿಗೆ ದುಡ್ಡು ಯಾಕೆ ಅನ್ನುವವರು ಚಪ್ಪಡಿ ಕಲ್ಲು ಹಾಸಿ, ನೀರು ಬಸಿಯಲು ಬೆರಳು ತೂರದಷ್ಟು ಸಂದು ಬಿಡಬಹುದು.

ಪದರ: ಮೊದಲು ಹೆಬ್ಬೆರಳು ಗಾತ್ರದ ಕಡ್ಡಿಗಳನ್ನು ಒಂದು ಗೇಣು ಹರಡಿ, ಗಾಳಿಯಾಡಲು. ಅದರ ಮೇಲೆ ಒಂದು ಗೇಣು ಒಣ ಚೂರು, ನಾಲ್ಕು ಬೆರಳು ಹಸಿ ಸೊಪ್ಪು, ಸಗಣಿ ಬಗ್ಗಡದ ಚಿಮುಕಿಸುವಿಕೆ, ಒಂದು ಹಿಡಿ ಮಣ್ಣು. ಮತ್ತೆ ಒಣ ಚೂರು. ಹೀಗೆ 3 ಅಡಿ ಅಗಲ, 3 ಅಡಿ ಉದ್ದ, 3 ಅಡಿ ಎತ್ತರ. ಇದಕ್ಕಿಂತ ಚಿಕ್ಕದಾದರೆ ಬಿಸಿ ಹಿಡಿಯದು. ಕೊನೆಯ ಪದರ ಯಾವಾಗಲೂ ಒಣ ಎಲೆಯೇ ಆಗಿರಲಿ, ಅದರ ಮೇಲೆ ಒದ್ದೆ ಗೋಣಿಚೀಲ.

ನೀರು: ಹಿಡಿ ತುಂಬ ತೆಗೆದು ಹಿಂಡಿ ನೋಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ. ಧಾರೆ ಇಳಿದರೆ ಹೆಚ್ಚಾಯಿತು, ಒಣ ಎಲೆ ಸೇರಿಸಿ. ಪುಡಿ ಉದುರಿದರೆ ಕಡಿಮೆ, ನೀರು ಚಿಮುಕಿಸಿ. ಅಕ್ಕಿ ತೊಳೆದ ನೀರಿಗೂ ಅಡ್ಡಿಯಿಲ್ಲ.

ಬಿಸಿ: ನಾಲ್ಕೈದು ದಿನ ಬಿಟ್ಟು ಕಬ್ಬಿಣದ ಸರಳೊಂದನ್ನು ನಡುವೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ. ಹೆಚ್ಚು ಹೊತ್ತು ಹಿಡಿಯಲಾಗದಷ್ಟು ಸುಡುತ್ತಿದ್ದರೆ ನೀವು ಗೆದ್ದಿರಿ. ಒಳಗೆ 55 ಡಿಗ್ರಿ ಸೆಲ್ಸಿಯಸ್ ಬಿಸಿ ಮೂರು ದಿನ ನಿಂತರೆ ನೊಣದ ಹುಳು, ಬಹುಪಾಲು ರೋಗಾಣು ಮತ್ತು ಕಳೆಬೀಜ ಸಾಯುತ್ತವೆ. ಹೊರಗಿನ ಅಂಚು ತಣ್ಣಗೇ ಇರುವುದರಿಂದ ತಿರುವಿ ಹಾಕಬೇಕು. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಹೊರಗಿನದು ಒಳಗೆ, ಒಳಗಿನದು ಹೊರಗೆ. ಮನೆನೊಣ ಬೇಸಿಗೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಏಳರಿಂದ ಹತ್ತು ದಿನ ತೆಗೆದುಕೊಳ್ಳುತ್ತದೆ. ವಾರಕ್ಕೊಮ್ಮೆ ತಿರುವಿದರೆ ಅದರ ಸಂಸಾರ ಕಟ್ಟುವ ಮೊದಲೇ ಮುರಿಯುತ್ತದೆ. ಗೂಡು ಕಟ್ಟಲು ಬಂದ ಇಲಿಗೂ, ವಾರವಾರ ಮನೆ ಬದಲಿಸುವ ಬಾಡಿಗೆದಾರರ ಗತಿಯೇ.

ಸೊಂಟನೋವು ಇರುವವರಿಗೆ

ತಿರುವುವುದು ನನ್ನಿಂದಾಗದು ಕಣ್ರೀ ಅನ್ನುವವರಿಗೆ ನಮ್ಮ ನಾಡಿನಲ್ಲೇ ಹುಟ್ಟಿದ ಇನ್ನೊಂದು ದಾರಿಯಿದೆ. ನಾನು ಈವರೆಗೆ ಹೇಳಿದ ತಿರುವುವ ಕ್ರಮ ಇಂದೂರು ಪದ್ಧತಿಯ ಜಾತಿಯದು. ಆಲ್ಬರ್ಟ್ ಹೋವರ್ಡ್ ಎಂಬ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೂರಿನಲ್ಲಿದ್ದಾಗ ಅದನ್ನು ರೂಪಿಸಿದರು. ಯಶವಂತ ವಾಡ್ ಎಂಬುವರ ಜೊತೆ 1931ರಲ್ಲಿ ಪುಸ್ತಕವನ್ನೂ ಬರೆದರು. ಅದರಲ್ಲಿ ಸುಮಾರು ಮೂರು ತಿಂಗಳಿಗೆ ಗೊಬ್ಬರ ಸಿದ್ಧ. ಆದರೆ ನೀರೂ ಬೇಕು, ಆಳೂ ಬೇಕು.

1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯರು ರೂಪಿಸಿದ್ದೇ ಬೆಂಗಳೂರು ಪದ್ಧತಿ. ಅದು ಪಟ್ಟಣದ ಕಸ ಮತ್ತು ಹೊಲಸನ್ನು ನೊಣ, ನಾತವಿಲ್ಲದೆ ಗೊಬ್ಬರ ಮಾಡಲು ಹೂಡಿದ ಉಪಾಯ. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು, ತಿರುವುವ ಕೆಲಸವೇ ಇಲ್ಲ. ಆರರಿಂದ ಎಂಟು ತಿಂಗಳು ಕಾಯಬೇಕು, ಅಷ್ಟೇ. ನೀರು ಕಡಿಮೆಯಿರುವ ಚಿತ್ರದುರ್ಗ, ಕೋಲಾರದ ಕಡೆಯ ಸೋದರಿಯರಿಗೆ ಇದು ಹೇಳಿ ಮಾಡಿಸಿದಂತಿದೆ. ಎಲೆ ಚೂರು, ಹಸಿ ಸೊಪ್ಪು, ಬಗ್ಗಡ ಪದರವಾಗಿ ತುಂಬಿ ಎರಡು ಬೆರಳು ದಪ್ಪ ಕೆಸರುಮಣ್ಣು ಮೆತ್ತಿ, ನೆಲ ಸಾರಿಸುವ ಹಾಗೆ ಸಗಣಿಯಿಂದ ಸಾರಿಸಿಬಿಡಿ. ತಿಪ್ಪೆ ಸಾರಿಸುವುದು ಅಂದರೆ ಬೈಗುಳವಲ್ಲವೇ? ಇಲ್ಲಿ ಮಾತ್ರ ಅದು ಜಾಣತನ! ಬಿರುಕು ಬಿಟ್ಟಲ್ಲಿ ಆಗಾಗ ಮತ್ತೆ ಮೆತ್ತಬೇಕು. ತಳದ ಜಾಲರಿ ಇದಕ್ಕೂ ಬೇಕು.

ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಗುಂಡಿಯ ಸಹವಾಸಕ್ಕೆ ಹೋಗಬೇಡಿ. ನೀರು ತುಂಬಿ ಕೊಚ್ಚೆಯಾಗುತ್ತದೆ. ನೆಲದ ಮೇಲೆ ಗುಡ್ಡೆ ಮಾಡಿ, ಮೇಲೊಂದು ತಗಡಿನ ಮಾಡು ಹಾಕಿ.

ಯಾರು ಬಂದರೆ ಏನು ಅರ್ಥ?

ಇರುವೆ ಸಾಲುಗಟ್ಟಿದರೆ ರಾಶಿ ಒಣಗಿದೆ ಎಂದರ್ಥ. ನೀರು ಚಿಮುಕಿಸಿ ತಿರುವಿದರೆ ಅವು ತಾವಾಗಿ ಹೊರಡುತ್ತವೆ.

ಗುಂಗುರು ಎದ್ದರೆ ಹಣ್ಣಿನ ಸಿಪ್ಪೆ ಮೇಲೆ ಉಳಿದಿದೆ. ಒಳಗೆ ಹೂತು ಒಣ ಎಲೆ ಮುಚ್ಚಿ.

ಗೆದ್ದಲು ಬಂದರೆ ಒಣ ಮರದ ತುಂಡುಗಳಿವೆ. ತೆಗೆದು ಒಲೆಗೆ ಹಾಕಿ, ರಾಶಿಯನ್ನು ತೇವವಾಗಿಡಿ. ಮನೆಯ ಮರದ ಬಾಗಿಲಿನ ಹತ್ತಿರ ರಾಶಿ ಬೇಡ.

ಸೊಳ್ಳೆ ಗೊಬ್ಬರದಲ್ಲಿ ಹುಟ್ಟುವುದಿಲ್ಲ, ಪಕ್ಕದಲ್ಲಿ ಬಿದ್ದಿರುವ ತೆಂಗಿನ ಚಿಪ್ಪು, ಅಡಿಕೆ ಹಾಳೆಯಲ್ಲಿ ನಿಂತ ನೀರಲ್ಲಿ ಹುಟ್ಟುತ್ತದೆ. ಚಿಪ್ಪನ್ನು ಬೋರಲು ಹಾಕಿ.

ದೊಡ್ಡ ಬಸವನಹುಳು, ಆಫ್ರಿಕದಿಂದ ಬಂದದ್ದು, ಮಳೆಗಾಲದಲ್ಲಿ ರಾಶಿಯ ಬುಡ ಹಿಡಿಯುತ್ತದೆ. ಬರಿಗೈಯಿಂದ ಮುಟ್ಟಬಾರದು. ಸಂಜೆ ಕೈಗವಸು ಹಾಕಿ ಆರಿಸಿ ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ರಾಶಿಯ ಮೇಲೆ ಎರಚಬೇಡಿ, ಗೊಬ್ಬರವೇ ಕೆಡುತ್ತದೆ.

ತೆಂಗಿನ ಮರ ಇರುವವರು ಇದನ್ನು ಎರಡು ಸಲ ಓದಿ. ರಾಶಿ ತಿರುವುವಾಗ ಹೆಬ್ಬೆರಳು ದಪ್ಪದ, ಬಿಳಿ ಮೈಯ, ಕಂದು ತಲೆಯ, ಬಾಗಿ ಮಲಗಿದ ಹುಳು ಕಂಡರೆ ಅದು ಕುರುವಾಯಿ ದುಂಬಿಯ ಮರಿಯಾಗಿರಬಹುದು. ಈ ದುಂಬಿ ಮೊಟ್ಟೆಯಿಡುವುದು ಗೊಬ್ಬರದ ಗುಂಡಿಯಲ್ಲಿ, ತಿನ್ನುವುದು ತೆಂಗಿನ ಸುಳಿಯನ್ನು. ಗರಿ ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಕಂಡರೆ ಇದರದ್ದೇ ಕೆಲಸ. ಹುಳುವಾಗಿ ಮೂರು ತಿಂಗಳಿಗೂ ಹೆಚ್ಚು ಕಾಲ ರಾಶಿಯಲ್ಲಿ ಇರುವುದರಿಂದ, ಆಗಾಗ ತಿರುವುವವರ ಕಣ್ಣಿಗೆ ಬೀಳದೆ ಹೋಗದು. ಹೆಕ್ಕಿ ಕೋಳಿಗೆ ಹಾಕಿ, ಇಲ್ಲವೇ ಕೊಂದುಬಿಡಿ. ಸಗಣಿಯನ್ನು ಮುದ್ದೆಯಾಗಿ ಹಾಕದೆ ಬಗ್ಗಡ ಮಾಡಿ ಚಿಮುಕಿಸಿ ಎಂದು ಮೇಲೆ ಹೇಳಿದ್ದೂ ಇದೇ ಕಾರಣಕ್ಕೆ. ಹಾವಳಿ ಹೆಚ್ಚಿದ್ದರೆ ಮೆಟಾರೈಜಿಯಂ ಎಂಬ ಹಸಿರು ಬೂಷ್ಟನ್ನು ಗೊಬ್ಬರದ ಗುಂಡಿಗೆ ಬೆರೆಸಬಹುದು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದನ್ನು ಶಿಫಾರಸು ಮಾಡುತ್ತಾರೆ. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ಇನ್ನು ಎರೆಹುಳು, ಸಹಸ್ರಪದಿ ಕಂಡರೆ ಕಿರುಚಬೇಡಿ. ಅವು ಸಂಬಳ ಕೇಳದ ಆಳುಗಳು.

ಈಗಾಗಲೇ ಹೆಗ್ಗಣ ಸೇರಿದ್ದರೆ

ಕಾಗದ ಬರೆದ ಸೋದರಿಗೆ ಈ ಭಾಗ ಮುಖ್ಯ. ಇಂದಿನಿಂದಲೇ ಗುಂಡಿಗೆ ಅನ್ನ ನಿಲ್ಲಿಸಿ. ಒಂದು ವಾರ ಬಿಟ್ಟು, ಹಗಲು ಹೊತ್ತಿನಲ್ಲಿ, ಒಬ್ಬರು ಜೊತೆಯಿದ್ದು, ಗುಂಡಿಯನ್ನು ಪೂರ್ತಿ ಬಗೆದು ಹರಡಿಸಿ. ಮೊದಲು ಉದ್ದ ಕೋಲಿನಿಂದ ತಟ್ಟಿ ಸದ್ದು ಮಾಡಿ, ಹಾವಿದ್ದರೆ ಹೋಗಲಿ. ಕೈ ಹಾಕಬೇಡಿ. ಕಾಲಿಗೆ ಗಂಬೂಟು, ಕೈಗೆ ರಬ್ಬರಿನ ಕೈಗವಸು ಇರಲೇಬೇಕು. ಇಲಿ ಹೆಗ್ಗಣದ ಮೂತ್ರ ಬಿದ್ದ ಒದ್ದೆ ಮಣ್ಣಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಬರುತ್ತದೆ. ಕೆಲಸ ಮಾಡಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ಕಷಾಯ ಕುಡಿದು ಕೂರಬೇಡಿ. ಡಾಕ್ಟರಿಗೆ ತೋರಿಸಿ, ಗೊಬ್ಬರದ ಕೆಲಸ ಮಾಡಿದ್ದನ್ನೂ ಹೇಳಿ. ಬೇಗ ಹೋದರೆ ಗುಣವಾಗುವ ಕಾಯಿಲೆ ಅದು.

ಬಿಲಗಳಿಗೆ ಕಲ್ಲುಚೂರು ತುಂಬಿ ಗಾರೆ ಹಾಕಿಸಿ. ವಿಷ ಇಡಬೇಡಿ. ವಿಷ ತಿಂದ ಹೆಗ್ಗಣವನ್ನು ಬೆಕ್ಕು, ಗೂಬೆ, ಮುಂಗುಸಿ ತಿಂದು ಸಾಯುತ್ತವೆ, ಆಮೇಲೆ ಹೆಗ್ಗಣಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ. ಬೇಕಿದ್ದರೆ ಬೋನು ಇಡಿ. ಆಮೇಲೆ ಜಾಲರಿ ಹಾಸಿ, ಹಳೆಯ ಎಲೆಯನ್ನೇ ಕೊಚ್ಚಿ, ಗೋಡೆಯಿಂದ ದೂರಕ್ಕೆ ಹೊಸ ಗುಡ್ಡೆ ಕಟ್ಟಿ.

ಮತ್ತೆ ಪಕ್ಕದ ಮನೆಯವರು? ಅವರ ಗೋಡೆಯ ಬುಡಕ್ಕೆ ಗಾರೆ ಹಾಕಿಸುವ ಖರ್ಚು ನಿಮ್ಮದಾಗಲಿ, ಅವರು ಕೇಳುವ ಮೊದಲೇ. ಯಜಮಾನರು ಗೊಣಗಿದರೆ, ಒಂದು ವರ್ಷ ಕೊಳ್ಳುವ ಗೊಬ್ಬರದ ದುಡ್ಡನ್ನೂ ಅತ್ತೆಯವರ ಉಬ್ಬಸದ ಔಷಧಿಯ ದುಡ್ಡನ್ನೂ ಕೂಡಿಸಿ ತೋರಿಸಿ. ಕೆಲಸ ಮುಗಿದ ಮೇಲೆ ಅವರನ್ನೇ ಕರೆದು, ಹೀಗೆ ಮಾಡಿದ್ದೇನೆ, ಬಂದು ನೋಡಿ ಅನ್ನಿ. ನಿಮ್ಮ ಮನೆಯ ಎಲೆಯನ್ನೂ ಕೊಡಿ, ಗೊಬ್ಬರದಲ್ಲಿ ಪಾಲು ಕೊಡುತ್ತೇನೆ ಅಂದರಂತೂ ಮುನಿಸಿಗೆ ಜಾಗವೇ ಇರದು. ಮೊದಲ ಬುಟ್ಟಿ ಅವರ ಮಲ್ಲಿಗೆ ಬಳ್ಳಿಗೇ ಹೋಗಲಿ.

ಗೊಬ್ಬರ ಆಯಿತೆಂದು ತಿಳಿಯುವುದು ಹೇಗೆ?

ರಾಶಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಬಣ್ಣ ಕಾಫಿ ಪುಡಿಯಂತೆ. ಎಲೆಯ ಗುರುತು ಸಿಗುವುದಿಲ್ಲ. ಮುಟ್ಟಿದರೆ ಬಿಸಿಯಿಲ್ಲ. ಮೂಗಿಗೆ ಹಿಡಿದರೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಹಳೆಯ ಜರಡಿಯಲ್ಲಿ ಜಾಲಿಸಿ, ಉಳಿದ ಕಡ್ಡಿಯನ್ನು ಮುಂದಿನ ಗುಡ್ಡೆಗೆ ಹೆಪ್ಪಿನಂತೆ ಹಾಕಿ. ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಗೊಬ್ಬರ. ಅರೆಬೆಂದದ್ದನ್ನು ಗಿಡದ ಬುಡಕ್ಕೆ ಹಾಕಬೇಡಿ. ಅದು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ.

ನಿಮ್ಮ ಪ್ರಶ್ನೆ

ಒಲೆಯ ಬೂದಿ ಹಾಕಬಹುದೇ?
ಒಂದು ಗುಡ್ಡೆಗೆ ಒಂದೆರಡು ಹಿಡಿ ಸಾಕು. ಹೆಚ್ಚಾದರೆ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಸುಣ್ಣ ಬೇಡವೇ ಬೇಡ.

ಹಿತ್ತಲಿಲ್ಲ, ತಾರಸಿಯ ಮೇಲೆ ನಾಲ್ಕು ಕುಂಡ ಮಾತ್ರ. ನಾವೇನು ಮಾಡೋಣ?
ಮುಚ್ಚಳವಿರುವ ಹಳೆಯ ಡ್ರಮ್ಮಿಗೆ ಸುತ್ತ, ತಳದಲ್ಲಿ ಪೆನ್ಸಿಲ್ ಗಾತ್ರದ ತೂತು ಮಾಡಿ, ತೂತುಗಳಿಗೆ ಒಳಗಿನಿಂದ ಸೊಳ್ಳೆ ಪರದೆಯ ತುಂಡು ಅಂಟಿಸಿ, ಎರಡು ಇಟ್ಟಿಗೆ ಮೇಲಿಡಿ. ಕ್ರಮ ಅದೇ, ಬಿಸಿ ಸ್ವಲ್ಪ ಕಡಿಮೆ, ಕಾಯುವ ದಿನ ಸ್ವಲ್ಪ ಹೆಚ್ಚು.

ನೀಲಗಿರಿ, ಅಕೇಶಿಯಾ ಎಲೆ ಕೊಳೆಯುವುದೇ ಇಲ್ಲವಲ್ಲ?
ಕೊಳೆಯುತ್ತವೆ, ತಡವಾಗಿ. ಚೆನ್ನಾಗಿ ಪುಡಿ ಮಾಡಿ, ಬೇರೆ ಎಲೆಯ ಜೊತೆ ಕಾಲುಭಾಗ ಮೀರದಂತೆ ಬೆರೆಸಿ.

ಮುಂದಿನ ಸಂಚಿಕೆಯಲ್ಲಿ, ಬೇಸಿಗೆಯಲ್ಲಿ ಕುಂಡದ ಗಿಡಗಳಿಗೆ ಕಡಿಮೆ ನೀರಲ್ಲಿ ತಂಪು ಕೊಡುವುದು ಹೇಗೆಂದು ನೋಡೋಣ. ಅಷ್ಟರಲ್ಲಿ ಹೊಂಗೆ ಇನ್ನೂ ಉದುರುತ್ತಿರುತ್ತದೆ. ಗೋಣಿಚೀಲ, ಒನಕೆ ಸಿದ್ಧ ಮಾಡಿಕೊಳ್ಳಿ.